ಗುಗೆನ್‌ಹೈಮ್‌ಗೆ ಅರ್ಜಿ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಬರಹಗಾರರಿಗೂ ಕಲಾವಿದರಿಗೂ ವಿಜ್ಞಾನಿಗಳಿಗೂ ತಮ್ಮ ಕೆಲಸ ಮಾಡಿಕೊಳ್ಳಲು ಹಣ ಕೊಡುವ ಅಮೆರಿಕದ ಗುಗೆನ್‌ಹೈಮ್ ಫೆಲೋಶಿಪ್‌ಗೆ ಈ ವರ್ಷ ಅರ್ಜಿ ಹಾಕಲೋ, ಇನ್ನೊಂದು ಪುಸ್ತಕ ಬರುವ ತನಕ ಕಾಯಲೋ ಅಂತ ಕೇಳಿದ್ದೀಯ. ಈ ವರ್ಷವೇ ಹಾಕು. ಎರಡು ಪುಸ್ತಕ ಬಂದಿವೆ, ಓದಿದವರು ಮೆಚ್ಚಿದ್ದಾರೆ, ಗ್ರೀನ್ ಕಾರ್ಡೂ ಕೈಗೆ ಸಿಕ್ಕಿದೆ. ಅಮೆರಿಕ ಮತ್ತು ಕೆನಡಾದ ಪ್ರಜೆಗಳು, ಅಲ್ಲಿ ಕಾಯಂ ವಾಸದ ಹಕ್ಕು ಪಡೆದವರು ಮಾತ್ರ ಇದಕ್ಕೆ ಹಾಕಬಹುದು. ಎಚ್-1ಬಿ ವೀಸಾದಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ನಮ್ಮವರಿಗೆ ಆ ಅವಕಾಶವಿಲ್ಲ. ಅವರಲ್ಲೂ ಒಳ್ಳೆಯ ಬರಹಗಾರರಿದ್ದಾರೆ, ನೆನೆದರೆ ಸಂಕಟವಾಗುತ್ತದೆ.

ಇದು ‘ಮಿಡ್-ಕೆರಿಯರ್’ನವರಿಗೆ, ಅಂದರೆ ವೃತ್ತಿಯ ನಡುಹಂತದಲ್ಲಿರುವವರಿಗೆ, ಅನ್ನುವ ಮಾತಿಗೆ ನೀನು ಸುಮ್ನೆ ಹೆದರಿದ್ದೀಯ. ಅದರಲ್ಲಿ ವಯಸ್ಸಿನ ಲೆಕ್ಕ ಇಲ್ಲ. ಕಲಿಯುವ ಹಂತ ದಾಟಿದ್ದಾರಾ, ಸ್ವಂತ ಕೆಲಸ ಎದ್ದು ಕಾಣುತ್ತಿದೆಯಾ ಅಂತ ನೋಡುತ್ತಾರೆ. ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1926ರಲ್ಲಿ ಇದೇ ಫೆಲೋಶಿಪ್ ಮೇಲೆ ಮ್ಯೂನಿಕ್‌ಗೆ ಹೋದಾಗ ಅವರಿಗೆ 25 ವರ್ಷ. ಅಲ್ಲಿ ಭೌತವಿಜ್ಞಾನಿ ಸಾಮರ್‌ಫೆಲ್ಡ್ ಬಳಿ ಕ್ವಾಂಟಮ್ ಮೆಕ್ಯಾನಿಕ್ಸ್ ಕಲಿತು ಬಂದರು. ಅದನ್ನಿಟ್ಟುಕೊಂಡೇ ಪರಮಾಣುಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ ಅನ್ನುವುದನ್ನು ಹೊಸದಾಗಿ ವಿವರಿಸಿದರು. ಈಗ ಅಷ್ಟು ಚಿಕ್ಕ ವಯಸ್ಸಿಗೆ ಸಿಗುವುದು ಕಷ್ಟ, ಆದರೆ ನೀನು ಆ ವಯಸ್ಸು ದಾಟಿ ಬಹಳ ವರ್ಷ ಆಯಿತಲ್ವಾ.

ಈ ಹಣ ಎಲ್ಲಿಂದ ಬಂತು ಅನ್ನುವುದೂ ತಿಳಿದಿರಲಿ. ಸೈಮನ್ ಗುಗೆನ್‌ಹೈಮ್ ಕೊಲರಾಡೊದಿಂದ ಸೆನೆಟರ್ ಆಗಿದ್ದವರು. ಗಣಿ ಮತ್ತು ಲೋಹದ ಉದ್ಯಮದ ಮನೆತನ. ಮಗ ಜಾನ್ ಸೈಮನ್ ಕಾಲೇಜಿಗೆ ಹೊರಡುವ ಮೊದಲೇ, 17ನೇ ವಯಸ್ಸಿಗೆ, 1922ರಲ್ಲಿ ತೀರಿಕೊಂಡ. ಗಂಡ ಹೆಂಡತಿ ಇಬ್ಬರೂ ಸೇರಿ ಅವನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿದರು. 1925ರಿಂದ ಫೆಲೋಶಿಪ್ ಶುರುವಾಯಿತು. (ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಸೈಮನ್ ಅವರ ಅಣ್ಣ ಸಾಲೊಮನ್ ಕಟ್ಟಿದ್ದು. ಅದು ಬೇರೆ ಸಂಸ್ಥೆ. ಅರ್ಜಿಯಲ್ಲಿ ಎರಡನ್ನೂ ಕಲಸಿಬಿಡಬೇಡ.) ಮಗನಿಗೆ ಸಿಗದೆ ಹೋದ ವರ್ಷಗಳನ್ನು ಬೇರೆಯವರಿಗೆ ಕೊಟ್ಟ ಹಾಗೆ ನನಗೆ ಕಾಣುತ್ತದೆ. ಆರು ತಿಂಗಳಿಂದ ಒಂದು ವರ್ಷದವರೆಗೆ ಹಣ ಕೊಡುತ್ತಾರೆ. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಕಟ್ಟುಪಾಡು ಹಾಕುವುದಿಲ್ಲ.

ಇಷ್ಟು ನಂಬಿಕೆ ಇಟ್ಟು ಕೊಡುವವರು ಅರ್ಜಿಯಲ್ಲಿ ಏನು ಹುಡುಕುತ್ತಾರೆ ಹೇಳು? ಈ ಕೆಲಸವನ್ನು ಇವಳೇ ಮಾಡಬೇಕು, ಇವಳು ಮಾಡಿಯೇ ಮಾಡುತ್ತಾಳೆ ಅನ್ನುವ ಭರವಸೆ. ಅದು ಹುಟ್ಟಬೇಕಾದರೆ ನಿನ್ನ ಕಣ್ಣಿಗೆ ಬಿದ್ದಿರುವ ವಸ್ತು ಅವರ ಕಣ್ಣಿಗೂ ಬೀಳಬೇಕು. ಶರಾವತಿ ಮುಳುಗಡೆಯ ಪುಸ್ತಕಕ್ಕೆ ನೀನು ಕಳಿಸಿದ ಯೋಜನೆಯ ಕರಡಿನಲ್ಲಿ ಅದು ಬೀಳುತ್ತಿಲ್ಲ. ನನಗೆ ತುಂಬಾ ಬೇಸರವಾಗಿದ್ದು ಅಲ್ಲೇ, ಯಾಕೆಂದರೆ ನಿನ್ನ ಹತ್ತಿರ ಏನಿದೆ ಅಂತ ನನಗೆ ಗೊತ್ತು.

ಕರಡಿನ ಮೊದಲ ವಾಕ್ಯ ಹೆಚ್ಚುಕಮ್ಮಿ ಹೀಗಿದೆ: ‘ಅಭಿವೃದ್ಧಿ ಮತ್ತು ವಿಸ್ಥಾಪನೆಯ ಸಂಕೀರ್ಣ ಸಂಬಂಧವನ್ನು ಬಹುಆಯಾಮದ ನೆಲೆಯಲ್ಲಿ ಪರಿಶೀಲಿಸುವುದು ಈ ಕೃತಿಯ ಉದ್ದೇಶ.’ ಇದನ್ನು ಯಾರು ಬೇಕಾದರೂ ಬರೆಯಬಹುದು. ಯಾವ ದೇಶದ ಯಾವ ಅಣೆಕಟ್ಟಿಗೆ ಬೇಕಾದರೂ ಹೊಂದುತ್ತದೆ. ಆದರೆ ಫೋನಿನಲ್ಲಿ ನೀನು ನನಗೆ ಹೇಳಿದ್ದೇ ಬೇರೆ. ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ನೀರು ತೀರಾ ಇಳಿದಾಗ ಮುಳುಗಿದ್ದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ಅದನ್ನು ನೋಡಲು ಹೋಗುತ್ತಾರೆ ಅಂದೆ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದೆ ಅಂದೆ. ನಿಮ್ಮಜ್ಜನ ಟ್ರಂಕಿನಲ್ಲಿ ನೀರಿನಡಿ ಹೋದ ಗದ್ದೆಯ ಪಹಣಿ ಇದೆ, ಈಗ ಕೂತಿರುವ ಜಾಗಕ್ಕೆ ಮಾತ್ರ ಹಕ್ಕುಪತ್ರ ಇಲ್ಲ ಅಂದೆ. ಅಜ್ಜಿ ಇವತ್ತಿಗೂ ನೆಂಟರ ಊರುಗಳನ್ನು ಹೇಳುವಾಗ ಮುಳುಗಿದ ಊರುಗಳನ್ನೂ ಸೇರಿಸಿ ಹೇಳುತ್ತಾರೆ ಅಂದೆ. ಇವುಗಳಲ್ಲಿ ಒಂದೂ ಕರಡಿನಲ್ಲಿ ಇಲ್ಲ!

ರಾಬರ್ಟ್ ಫ್ರಾಂಕ್ ಬರೆದ ಅರ್ಜಿಯನ್ನು ಹುಡುಕಿ ಓದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ 1947ರಲ್ಲಿ ನ್ಯೂಯಾರ್ಕಿಗೆ ಬಂದ ಫೋಟೋಗ್ರಾಫರ್. ಅಮೆರಿಕವನ್ನು ಸುತ್ತಿ ಫೋಟೋ ತೆಗೆಯಬೇಕು ಅಂತ ಗುಗೆನ್‌ಹೈಮ್‌ಗೆ ಅರ್ಜಿ ಹಾಕಿದರು. ಅದನ್ನು ಬರೆಯುವಾಗ ಹಿರಿಯ ಫೋಟೋಗ್ರಾಫರ್ ವಾಕರ್ ಇವಾನ್ಸ್ ನೆರವಾದರು. ಅದರಲ್ಲಿ ಏನೇನು ತೆಗೆಯುತ್ತೇನೆ ಅಂತ ಸುಮ್ನೆ ಪಟ್ಟಿ ಹೇಳುತ್ತಾ ಹೋಗುತ್ತಾರೆ. ರಾತ್ರಿ ಹೊತ್ತಿನ ಒಂದು ಪೇಟೆ, ಪಾರ್ಕಿಂಗ್ ಜಾಗ, ಸೂಪರ್ ಮಾರ್ಕೆಟ್, ಮೂರು ಕಾರು ಇರುವವನು, ಒಂದೂ ಇಲ್ಲದವನು, ರೈತ, ಅವನ ಮಕ್ಕಳು, ನಿಯಾನ್ ದೀಪ, ಪೋಸ್ಟ್ ಆಫೀಸು, ಹಿತ್ತಿಲು. ಓದುತ್ತಿದ್ದಂತೆ ಫೋಟೋಗಳು ಕಾಣತೊಡಗುತ್ತವೆ. ಆಗಿನ್ನೂ ಅವರು ಆ ಪ್ರವಾಸಕ್ಕೆ ಹೊರಟೇ ಇರಲಿಲ್ಲ. 1955ರಲ್ಲಿ ಫೆಲೋಶಿಪ್ ಸಿಕ್ಕಿತು. ಸಾವಿರಾರು ಫೋಟೋ ತೆಗೆದು, 83ನ್ನು ಮಾತ್ರ ಆರಿಸಿ ಪುಸ್ತಕ ಮಾಡಿದರು. ಇವತ್ತಿಗೂ ಫೋಟೋಗ್ರಫಿ ಕಲಿಯುವವರು ಆ ಪುಸ್ತಕಕ್ಕೆ ಹೋಗುತ್ತಾರೆ.

ನಿನ್ನ ಯೋಜನೆಯನ್ನೂ ಹಾಗೆ ಬರಿ. ಆದರೆ ನಿನ್ನ ಪಟ್ಟಿಯನ್ನು ಓದುವವರಿಗೆ ಸಾಗರ, ಶರಾವತಿ ಯಾವುದೂ ಗೊತ್ತಿಲ್ಲ. ಮೊದಲು ನಿನ್ನ ಕ್ಷೇತ್ರದಲ್ಲೇ ಹಿಂದೆ ಫೆಲೋ ಆದವರು ಅರ್ಜಿಗಳನ್ನು ಓದಿ ಅಭಿಪ್ರಾಯ ಕೊಡುತ್ತಾರೆ. ಆಮೇಲೆ ಬೇರೆ ಬೇರೆ ಕ್ಷೇತ್ರದವರಿರುವ ಆಯ್ಕೆ ಸಮಿತಿ ನೋಡುತ್ತದೆ. ಕೊನೆಗೆ ಟ್ರಸ್ಟಿಗಳ ಒಪ್ಪಿಗೆ. ಅಂದರೆ ಒಳ್ಳೆಯ ಗದ್ಯ ಯಾವುದು ಅಂತ ಬಲ್ಲವರಿಗೂ ಹಿಡಿಸಬೇಕು, ಜೀವಶಾಸ್ತ್ರ ಓದಿದವರಿಗೂ ಅರ್ಥವಾಗಬೇಕು. ಹಿನ್ನೆಲೆಯನ್ನು ನಾಲ್ಕೇ ವಾಕ್ಯದಲ್ಲಿ ಹೇಳು: 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು. ಆ ನೀರಿನಿಂದ ಬಂದ ಕರೆಂಟಿನಲ್ಲಿ ಕರ್ನಾಟಕದ ಊರುಗಳಿಗೆ ಬೆಳಕು ಬಂತು, ಕಾರ್ಖಾನೆಗಳು ಓಡಿದವು. ಆ ನೀರಿಗಾಗಿ ಮನೆ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ದಶಕಗಳ ಮೇಲೂ ಜಾಗದ ಹಕ್ಕಿಗೆ ಅಲೆಯುತ್ತಿವೆ. ನೀನು ಅಂಥ ಮನೆಯ ಮೊಮ್ಮಗಳು. ಇಷ್ಟು ಸಾಕು, ನೇರವಾಗಿ ಹಿರೇಭಾಸ್ಕರಕ್ಕೆ ಹೋಗು.

ಈಗಲೇ ಯಾಕೆ ಅಂತ ಅವರು ಕೇಳಿಯೇ ಕೇಳುತ್ತಾರೆ. ನಿನ್ನ ಹತ್ತಿರ ಉತ್ತರ ಇದೆ, ಆದರೆ ಕರಡಿನ ಕೊನೆಯಲ್ಲಿ ಅರ್ಧ ವಾಕ್ಯದಲ್ಲಿ ಅಡಗಿಸಿದ್ದೀಯ. ಮುಳುಗಡೆಯಾದಾಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಇನ್ನೈದು ವರ್ಷ ಬಿಟ್ಟು ಹೋದರೆ ಯಾರನ್ನು ಕೇಳುತ್ತೀಯ? ಜತೆಗೆ 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಅಲ್ಲಿಯವರೆಗೆ ಸಿಗಂದೂರಿನ ದೇವಸ್ಥಾನಕ್ಕೆ ಹೋಗುವವರೂ, ಆಸ್ಪತ್ರೆಗೆ ಓಡುವ ಹಿನ್ನೀರಿನಾಚೆಯ ದ್ವೀಪದ ಜನರೂ ಹೊಳೆಬಾಗಿಲಿನ ಲಾಂಚಿಗೇ ಕಾಯಬೇಕಿತ್ತು. ಹಿನ್ನೀರು ದಾಟುವುದಕ್ಕೆ ಹೀಗೆ ಕಾದವರ ನೆನಪು ಹಸಿಯಾಗಿದ್ದಾಗಲೇ ಬರೆದುಕೊಳ್ಳಬೇಕು. ಇದನ್ನು ಮೊದಲ ಪುಟಕ್ಕೆ ತಾ.

ನಿನ್ನ ಬಗ್ಗೆ ಬರೆಯುವ ಭಾಗ, ಅಂದರೆ ಕೆರಿಯರ್ ನರೇಟಿವ್, ಬಯೋಡೇಟಾ ತರಹ ಇರಬಾರದು. ಮೊದಲ ಪುಸ್ತಕದಲ್ಲಿ ಏನು ಹುಡುಕಿದೆ, ಯಾವ ಪ್ರಶ್ನೆ ಉಳಿಯಿತು, ಎರಡನೆಯದಕ್ಕೆ ಹೇಗೆ ಬಂದೆ, ಅಲ್ಲಿಂದ ಶರಾವತಿಗೆ ಯಾಕೆ ಬಂದೆ ಅಂತ ಹೇಳಿಕೊಂಡು ಹೋಗು. ಬಹುಮಾನಗಳ ಪಟ್ಟಿಗೆ ಬೇರೆ ಜಾಗ ಇದೆ.

ಶಿಫಾರಸು ಮಾಡುವವರ ವಿಷಯದಲ್ಲಿ ನಿನ್ನ ಜತೆ ಜಗಳ ಆಡಬೇಕಾಗಿದೆ. ನಾಲ್ಕು ಹೆಸರು ಕೊಡಬೇಕು, ನೀನು ಕೊಟ್ಟಿರುವ ನಾಲ್ವರೂ ದೊಡ್ಡ ಹೆಸರಿನವರು. ಅದರಲ್ಲಿ ಇಬ್ಬರು ನಿನ್ನ ಪುಸ್ತಕ ಪೂರ್ತಿ ಓದಿಲ್ಲ ಅಂತ ನೀನೇ ಹೇಳಿದ್ದೀಯ. ಇಂಥ ಪತ್ರಗಳನ್ನು ನಾನೂ ಬರೆದಿದ್ದೇನೆ. ಕೆಲಸ ಗೊತ್ತಿಲ್ಲದಾಗ ‘ಪ್ರತಿಭಾವಂತೆ, ಶ್ರಮಜೀವಿ’ ಅನ್ನುವುದನ್ನು ಬಿಟ್ಟು ಬೇರೇನೂ ಬರೆಯಲು ಬರುವುದಿಲ್ಲ. ಕೆಲಸ ಗೊತ್ತಿದ್ದಾಗ ಇಂಥ ಅಧ್ಯಾಯದಲ್ಲಿ ಇವಳು ಹೀಗೆ ಮಾಡಿದ್ದಾಳೆ, ಇದು ಕಷ್ಟದ ಕೆಲಸ, ಬೇರೆಯವರು ಇಲ್ಲಿ ಎಡವುತ್ತಾರೆ ಅಂತ ಬರೆಯಬಹುದು. ಎರಡನೇ ಪುಸ್ತಕದ ಹಸ್ತಪ್ರತಿಯ ಮೇಲೆ ನಿನ್ನ ಜತೆ ವಾದ ಮಾಡಿದ ಆ ಸಂಪಾದಕಿಯನ್ನು ಕೇಳು. ಅಣೆಕಟ್ಟುಗಳ ಇತಿಹಾಸ ಬಲ್ಲ ಒಬ್ಬರು ಇರಲಿ. ಎಲ್ಲರಿಗೂ ಮೊದಲೇ ಹೇಳಿ, ಯೋಜನೆಯ ಪ್ರತಿ ಕೊಡು. ಅವರು ಬರೆದದ್ದನ್ನು ನಿನಗೆ ತೋರಿಸುವುದಿಲ್ಲ, ಹಾಗಾಗಿ ನಂಬಿಕೆ ಇರುವವರನ್ನೇ ಆರಿಸು.

ಯೋಜನೆಯಲ್ಲಿ ಬರೆದಂತೆಯೇ ಮಾಡಬೇಕಾ ಅಂತ ಕೇಳಿದ್ದೀಯ. ಅಮೆರಿಕದ ಲೇಖಕಿ ಝೋರಾ ನೀಲ್ ಹರ್ಸ್ಟನ್ 1936ರಲ್ಲಿ ಈ ಫೆಲೋಶಿಪ್ ಪಡೆದು ಕೆರಿಬಿಯನ್ ಜನಪದ ನಂಬಿಕೆಗಳ ಅಧ್ಯಯನಕ್ಕೆ ಅಂತ ಜಮೈಕಾ, ಹೈಟಿಗೆ ಹೋದರು. ಆ ಕೆಲಸವನ್ನೂ ಮಾಡಿದರು. ಅದರ ನಡುವೆ ಹೈಟಿಯಲ್ಲಿ ಏಳು ವಾರದಲ್ಲಿ ಒಂದು ಕಾದಂಬರಿ ಬರೆದು ಮುಗಿಸಿದರು. ಇವತ್ತು ಜನ ಅವರನ್ನು ಓದುವುದು ಹೆಚ್ಚಾಗಿ ಆ ಕಾದಂಬರಿಯಿಂದಲೇ. ಅರ್ಜಿಯಲ್ಲಿ ಖಚಿತವಾಗಿ ಬರಿ, ಊರಿಗೆ ಹೋದ ಮೇಲೆ ಹೊಳೆ ಎತ್ತ ಕರೆದೊಯ್ಯುತ್ತದೋ ಅತ್ತ ಹೋಗು.

ಹಣದ ಬಗ್ಗೆ ಒಂದೇ ಮಾತು: ಇದಕ್ಕೆ ಅಮೆರಿಕದಲ್ಲಿ ತೆರಿಗೆ ಕಟ್ಟಬೇಕು. ಬಂದದ್ದೆಲ್ಲಾ ಪ್ರವಾಸಕ್ಕೆ ಅಂತ ಲೆಕ್ಕ ಹಾಕಬೇಡ. ಕಾಲೇಜಿನಲ್ಲಿ ರಜೆಯ ವಿಷಯವನ್ನೂ ಈಗಲೇ ಮಾತಾಡು.

ಸಿಗದೇ ಇರಬಹುದು. 2025ರಲ್ಲಿ ಸುಮಾರು 3,500 ಜನ ಹಾಕಿದ್ದರು, 198 ಜನಕ್ಕೆ ಸಿಕ್ಕಿತು. ಒಳ್ಳೆಯ ಅರ್ಜಿಗಳೇ ನೂರಾರು ಬಿದ್ದುಹೋಗುತ್ತವೆ. ಮುಂದಿನ ವರ್ಷ ಮತ್ತೆ ಹಾಕಬಹುದು, ಹಾಕಬೇಕು. ಚೆನ್ನಾಗಿ ಬರೆದ ಯೋಜನೆ ಸುಮ್ನೆ ಹೋಗುವುದಿಲ್ಲ, ಪುಸ್ತಕದ ಮೊದಲ ಅಧ್ಯಾಯ ಅದರಲ್ಲೇ ಹುಟ್ಟಿರುತ್ತದೆ.

ಬೆಂಗಳೂರಿನಲ್ಲಿರುವ ನಿನ್ನ ಗೆಳತಿಗೆ ಇದು ಆಗುವುದಿಲ್ಲ. ಅವಳ ಊರಿನಲ್ಲೇ ಕಲೆಯ ಕೆಲಸಗಳಿಗೆ ಹಣ ಕೊಡುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. ಸ್ವತಂತ್ರ ಭಾರತದ ಬಗ್ಗೆ ಕಥೆಯಲ್ಲದ ಪುಸ್ತಕ ಬರೆಯುವುದಾದರೆ ನ್ಯೂ ಇಂಡಿಯಾ ಫೌಂಡೇಶನ್ ಇದೆ, ಅವರು ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವವರಿಗೂ ಫೆಲೋಶಿಪ್ ಕೊಡುತ್ತಾರೆ. ಅವಳು ಎರಡನ್ನೂ ನೋಡಲಿ.

ಅರ್ಜಿಗೆ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್ ಮಧ್ಯಕ್ಕೆ ಬರುತ್ತದೆ, ಫಲಿತಾಂಶ ಏಪ್ರಿಲ್‌ಗೆ. ಆಗಸ್ಟ್ ಮೊದಲ ವಾರದೊಳಗೆ ಹೊಸ ಕರಡು ನನಗೆ ಕಳಿಸು. ಅಜ್ಜಿ ಹೇಳುವ ಆ ಊರುಗಳ ಹೆಸರನ್ನೂ ಈ ಬಾರಿ ಸೇರಿಸಿರು. ನಾಲ್ಕನೇ ಶಿಫಾರಸು ಪತ್ರ ನಾನು ಬರೆಯುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ