ಕಬ್ಬಿನ ಗ್ಯಾಂಗಿನ ಬಸುರಿಯರನ್ನು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ ಕಡೆ ಹೊಲದ ಬದಿಗೆ, ಕಬ್ಬು ಕಡಿಯಲು ಬೇರೆ ಊರಿಂದ ಗುಂಪಾಗಿ ಬರುವ ಗ್ಯಾಂಗಿನವರ ಗುಡಿಸಲು ಏಳುತ್ತವೆ. ಅವರಲ್ಲಿ ಬಸುರಿಯರಿರುತ್ತಾರೆ, ಹಸುಗೂಸು ಎತ್ತಿಕೊಂಡು ಬಂದ ಬಾಣಂತಿಯರೂ ಇರುತ್ತಾರೆ. ತಪಾಸಣೆ, ಲಸಿಕೆ ಬರೆದಿಡುವ ತಾಯಿ ಕಾರ್ಡ್ ಎಷ್ಟೋ ಸಲ ಊರಲ್ಲೇ ಉಳಿದಿರುತ್ತದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆಶಾ ಕಾರ್ಯಕರ್ತೆ 6 ಸಲ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು. ಇವರ ಮನೆ ಯಾವುದು? ಅವರೂರಿನ ಆಶಾಗೆ ಇವರು ಊರು ಬಿಟ್ಟವರು. ಇಲ್ಲಿನ ಪಟ್ಟಿಯಲ್ಲಿ ಹೆಸರೇ ಇಲ್ಲ. ಹಾಗಂತ ಆಶಾಗಳನ್ನು ಸುಮ್ನೆ ಬೈಯುವುದು ತಪ್ಪು. ಹೊಲಹೊಲ ಅಲೆದು ಗುಡಿಸಲು ಹುಡುಕು ಅಂದರೆ ಯಾರಿಂದಾದೀತು?

ಯಾವ ಗ್ಯಾಂಗ್ ಎಲ್ಲಿದೆ ಅಂತ ಕಾರ್ಖಾನೆಯವರಿಗೆ ಚೆನ್ನಾಗಿ ಗೊತ್ತು, ಅಲ್ವಾ? ಆ ಪಟ್ಟಿ ವಾರಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ಅವತ್ತೊಂದು ದಿನ ಕೆಲಸ ಬಿಡಿಸಿ ಕಳಿಸುವುದು ಗ್ಯಾಂಗಿನ ಮೇಸ್ತ್ರಿ ಮುಕಾದಮನಿಗೆ ದೊಡ್ಡ ಮಾತಲ್ಲ.

ಇನ್ನು ದೊಡ್ಡಾಸ್ಪತ್ರೆಗೆ ಬರೆದುಕೊಡುವ ಚೀಟಿ. ರಕ್ತ ತೀರಾ ಕಡಿಮೆಯಾಗಿ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದವಳಿಗೆ 'ಬಾಗಲಕೋಟೆಗೆ ಹೋಗು' ಅಂದರೆ ಅವಳು ಹೋಗುವುದು ಹೇಗೆ? ಮುಂಗಡ ಪಡೆದ ಗಂಡನೂ ಕೆಲಸ ಬಿಟ್ಟು ಬರಬೇಕು. ಚೀಟಿ ಬರೆದವರೇ ವಾಹನ ಗೊತ್ತುಮಾಡಿ, ಅಲ್ಲಿಗೊಂದು ಫೋನ್ ಮಾಡಲಿ. ಹೋಗಿ ಬರುವ ಉಚಿತ ವಾಹನ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲೇ ಇದೆ. ಗುಡಿಸಲಿನವರಿಗೆ ಅದನ್ನು ಹೇಳುವವರಿಲ್ಲ.

ಹಂಗಾಮಿಗೆ ಮೊದಲೇ ಆರೋಗ್ಯ ಇಲಾಖೆ ಕಾರ್ಖಾನೆಯವರನ್ನೂ ನಮ್ಮಂಥ ಬೆಳೆಗಾರರನ್ನೂ ಕೂರಿಸಿಕೊಂಡು ಮಾತಾಡಲಿ.

– ಒಬ್ಬ ಕಬ್ಬು ಬೆಳೆಗಾರ, ಮುಧೋಳ ತಾಲ್ಲೂಕು