ಯೋಬನ ಗ್ರಂಥ ಓದಿ ಮುಗಿಸಿದ ಮೇಲೆ ಒಂದಿಷ್ಟು ವಂದನೆ

ಕಳೆದ ಗುರುವಾರ ಸಂಜೆ ಚಿಕ್ಕಮಗಳೂರಿನ ನಮ್ಮ ಅಧ್ಯಯನ ಕೂಟದಲ್ಲಿ ಸತ್ಯವೇದದ (ಬೈಬಲಿನ) ಯೋಬನ ಗ್ರಂಥದ 42ನೇ ಅಧ್ಯಾಯ ಓದಿದೆವು. ಪುಸ್ತಕ ಮುಗಿಯಿತು. ಈ ವರ್ಷ ನಮ್ಮ ನಡುವೆ ಏನೇನಾಯಿತು ಅಂತ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ಇಷ್ಟಾದರೂ ಓದು ನಿಲ್ಲದಂತೆ ನೋಡಿಕೊಂಡವರಿಗೆ ಒಂದು ಮಾತು ಹೇಳದೆ ಮುಂದಿನ ಪುಸ್ತಕ ತೆರೆಯಲು ಮನಸ್ಸು ಬರಲಿಲ್ಲ.

ನಮ್ಮೂರಿನ ವಿಜಯಪುರ ಬಡಾವಣೆಯಲ್ಲಿ ಮನೆಯ ಹಜಾರ ಬಿಟ್ಟುಕೊಟ್ಟ ದಂಪತಿಗೆ, ದೊಡ್ಡಕ್ಷರದ ಸತ್ಯವೇದಗಳನ್ನು ಹುಡುಕಿ ತಂದ ಫಾದರಿಗೆ, ಎರಡು ಅನುವಾದ ಅಕ್ಕಪಕ್ಕ ಇಟ್ಟು ಓದುವ ರೂಢಿ ಮಾಡಿಸಿದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅಯ್ಯನವರಿಗೆ, ಕಾಫಿ ಕೊಯ್ಲಿನ ತಿಂಗಳಲ್ಲೂ ತೋಟದ ಕಡೆಯವರನ್ನು ಜೀಪಿನಲ್ಲಿ ಕರೆತಂದು ರಾತ್ರಿ ವಾಪಸ್ ಬಿಟ್ಟುಬಂದ ಅಣ್ಣನಿಗೆ, ಪಟ್ಟಿಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದ ಕಾಲೇಜು ಹುಡುಗರಿಗೆ ನಾವು ಋಣಿಗಳು.

ಉಳಿದ ಮಾತೆಲ್ಲ ಆಲ್ದೂರಿನ ಟೀಚರ ಬಗ್ಗೆ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಹಾಕುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ದೇವಶಾಸ್ತ್ರ ಓದಿದವರಲ್ಲ, ಆದರೆ ಪದ್ಯ ಓದಬಲ್ಲವರು, ಮತ್ತು ಯೋಬನ ಗ್ರಂಥಕ್ಕೆ ಮೊದಲು ಬೇಕಾದದ್ದು ಆ ಕಲೆ. ಮೊದಲ ಎರಡು ಅಧ್ಯಾಯ ಮತ್ತು ಕೊನೆಯ ಹನ್ನೊಂದು ವಚನ ಗದ್ಯದ ಕಥೆ: ನಿರ್ದೋಷಿಯಾದ ಯೋಬ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಳ್ಳುತ್ತಾನೆ, ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಸಮಾಧಾನ ಹೇಳಲು ಬರುತ್ತಾರೆ, ಕೊನೆಗೆ ಯೋಬನ ಸ್ಥಿತಿ ಮತ್ತೆ ಚಿಗುರುತ್ತದೆ. ನಡುವೆ ಇರುವುದು ಹೆಚ್ಚುಕಡಿಮೆ ಎಲ್ಲ ಪದ್ಯ. ಕಥೆ ಗೊತ್ತಿದ್ದವರು ಪದ್ಯ ಹಾರಿಸಿಬಿಡುತ್ತಾರೆ. ಹಾರಿಸಿದರೆ ಕೈಗೆ ಸಿಗುವುದು ಯಾಕೋಬನ ಪತ್ರಿಕೆ 5:11 ನೆನೆಯುವ ತಾಳ್ಮೆಯ ಯೋಬ ಒಬ್ಬನೇ. ಹುಟ್ಟಿದ ದಿನವನ್ನು ಶಪಿಸುವ ಯೋಬ, ದೇವರನ್ನೇ ವ್ಯಾಜ್ಯಕ್ಕೆ ಕರೆಯುವ ಯೋಬ ಸಿಗುವುದಿಲ್ಲ.

ಟೀಚರ ಪಾಠ ಶುರುವಾಗುತ್ತಿದ್ದದ್ದು ಒಂದೇ ಪ್ರಶ್ನೆಯಿಂದ: "ಇದು ಯಾರ ಮಾತು? ಮೊದಲು ಅದನ್ನ ಹೇಳಿ." ಉದ್ದ ನೋಟ್‌ಬುಕ್ಕಿನ ಎರಡು ಪುಟ ಸೇರಿಸಿ ನಾಲ್ಕು ಕಾಲಂ ಹಾಕಿಸಿದರು. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಏನು ಹೇಳಿದ್ದು, ಯಾವ ಹಿಂದಿನ ವಚನಕ್ಕೆ ಇದು ಉತ್ತರ. ನಾಲ್ಕನೆಯ ಕಾಲಂ ತುಂಬುವುದೇ ಕಷ್ಟ, ಪ್ರಯೋಜನವೂ ಅದರಿಂದಲೇ. ಸತ್ಯವೇದದ ಅಂಚಿನಲ್ಲಿ ಗೆಳೆಯರ ಮಾತಿಗೆ ಕೆಂಪು ಪೆನ್ಸಿಲ್ ಗೆರೆ, ಯೋಬನ ಮಾತಿಗೆ ನೀಲಿ, ದೇವರ ಮಾತಿಗೆ ಹಸಿರು. ಪೆನ್ ಬೇಡ ಅಂದರು, ತೆಳು ಕಾಗದದಲ್ಲಿ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ.

ವಾರಕ್ಕೆ ಎಷ್ಟು ಓದಬೇಕು ಅನ್ನುವಲ್ಲೇ ಅನೇಕ ಕೂಟಗಳು ಎಡವುತ್ತವೆ. ವಾರಕ್ಕೆ ಎರಡು ಅಧ್ಯಾಯ ಅಂತ ಲೆಕ್ಕ ಹಾಕಿದರೆ ಒಂದು ವಾರ ಗೆಳೆಯನ ಉಪದೇಶ ಕೇಳಿ ಮನೆಗೆ ಹೋಗುತ್ತೀರಿ, ಯೋಬನ ಉತ್ತರ ಮುಂದಿನ ವಾರಕ್ಕೆ ಬೀಳುತ್ತದೆ. ಅಷ್ಟರಲ್ಲಿ ಉಪದೇಶವೇ ದೇವರ ವಾಕ್ಯವಾಗಿ ಮನಸ್ಸಿನಲ್ಲಿ ಕೂತಿರುತ್ತದೆ. ಟೀಚರು ಒಂದು ಮಾತು ಮತ್ತು ಅದರ ಉತ್ತರವನ್ನು ಯಾವತ್ತೂ ಬೇರೆ ಮಾಡಲಿಲ್ಲ. ಎಲೀಫಜನ 4–5ರ ಜೊತೆ ಯೋಬನ 6–7, ಬಿಲ್ದದನ 8ರ ಜೊತೆ 9–10, ಚೋಫರನ 11ರ ಜೊತೆ 12–14. ಎರಡನೆಯ ಸುತ್ತಿನಲ್ಲಿ 15–17, 18–19, 20–21. ಮೂರನೆಯ ಸುತ್ತಿನಲ್ಲಿ 22–24, ಆಮೇಲೆ 25–27. 3ನೇ ಅಧ್ಯಾಯ ಒಂಟಿಯಾಗಿ ಓದಬೇಕು, 28 ಕೂಡ. 29–31 ಒಂದೇ ಬೈಠಕ್ಕಿನಲ್ಲಿ ಆಗಬೇಕು, ತುಂಡು ಮಾಡಿದರೆ ಅದರ ಬಿಸಿ ಆರಿಹೋಗುತ್ತದೆ.

ಓದುವುದು ಗಟ್ಟಿಯಾಗಿ, ಪಾತ್ರ ಹಂಚಿಕೊಂಡು. ನಮ್ಮಲ್ಲಿ ಮನೆಯಲ್ಲಿ ಕೊಂಕಣಿ ಆಡುವವರಿದ್ದಾರೆ, ತಮಿಳಿನವರಿದ್ದಾರೆ, ತುಳುವಿನವರಿದ್ದಾರೆ. ಕನ್ನಡದಲ್ಲಿ ಓದಲು ಕೆಲವರಿಗೆ ಅಳುಕು. ನಿಧಾನ ಓದುವವರಿಗೆ ಟೀಚರು ಬೇಕೆಂದೇ ಯೋಬನ ಪಾತ್ರ ಕೊಡುತ್ತಿದ್ದರು, ಯಾಕೆಂದರೆ ಯೋಬನ ಮಾತು ತಡವರಿಸಿದರೂ ಕೆಡುವುದಿಲ್ಲ. ಓದು ಮುಗಿದ ಮೇಲೆ ಮೊದಲ ಅರ್ಧ ಗಂಟೆ ಬೇರೆ ಯಾವ ಪುಸ್ತಕದ ವಚನವನ್ನೂ ಎತ್ತುವಂತಿಲ್ಲ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗೇ ಆಗುತ್ತದೆ ಎನ್ನುವ ರೋಮಾಪುರದವರಿಗೆ ಬರೆದ ಪತ್ರಿಕೆ 8:28 ನಾಲಿಗೆ ತುದಿಯಲ್ಲಿ ಇರುವವರಿಗೆ ಇದು ನಿಜಕ್ಕೂ ಕಷ್ಟದ ನಿಯಮ. ಆದರೂ ಬೇಕಾದ ನಿಯಮ. ಉತ್ತರ ಮೊದಲೇ ಬಂದು ಕೂತರೆ ಪ್ರಶ್ನೆ ಕೇಳಿಸುವುದಿಲ್ಲ.

ಈ ಬಣ್ಣದ ಗೆರೆಗಳಿಂದ ಏನು ಲಾಭ ಅನ್ನುವವರಿಗೆ 8:7 ತೋರಿಸಬೇಕು. ನಿನ್ನ ಮೊದಲ ಸ್ಥಿತಿ ಅಲ್ಪವಾಗಿದ್ದರೂ ಕಡೆಯ ಸ್ಥಿತಿ ಬಹಳ ವೃದ್ಧಿಯಾಗುವುದು ಎಂಬ ವಚನ. ಹೊಸ ವರ್ಷದ ವಾಗ್ದಾನ ಕಾರ್ಡುಗಳಲ್ಲಿ, ಕ್ಯಾಲೆಂಡರಿನಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಇದನ್ನು ನೋಡದವರಿಲ್ಲ. ಗೆರೆ ಹಾಕಿ ನೋಡಿದರೆ ಅದು ಕೆಂಪು. ಬಿಲ್ದದನ ಮಾತು. ಮೂರು ವಚನ ಹಿಂದೆ, 8:4ರಲ್ಲಿ, ಅದೇ ಬಾಯಿ ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆಗೆ ಹೇಳುತ್ತದೆ: ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದರ ಫಲ ಅವರಿಗೆ ಸಿಕ್ಕಿದೆ. ವಾಗ್ದಾನಕ್ಕೆ ಒಂದು ಷರತ್ತೂ ಇದೆ, ನೀನು ಶುದ್ಧನಾಗಿದ್ದರೆ ಅಂತ. ಮತ್ತು 42:7ರಲ್ಲಿ ದೇವರು ಎಲೀಫಜನಿಗೆ ನೇರವಾಗಿ, ನೀನೂ ನಿನ್ನ ಇಬ್ಬರು ಗೆಳೆಯರೂ ನನ್ನ ವಿಷಯದಲ್ಲಿ ಯೋಬನಂತೆ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಕಾರ್ಡಿನ ಮೇಲೆ ಅದೊಂದು ವಚನ ಮಾತ್ರ ಇರುತ್ತದೆ, ಹೇಳಿದವನ ಹೆಸರು ಇರುವುದಿಲ್ಲ.

ಹಾಗಾದರೆ ಗೆಳೆಯರು ಹೇಳಿದ್ದೆಲ್ಲ ಸುಳ್ಳೇ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ, ಯಾಕೆಂದರೆ 1 ಕೊರಿಂಥ 3:19ರಲ್ಲಿ ಪೌಲನು ಶಾಸ್ತ್ರವಚನವೆಂದು ಎತ್ತಿ ಹೇಳುವ ಮಾತು ಯೋಬ 5:13, ಅದು ಎಲೀಫಜನದ್ದೇ. ಟೀಚರು 13:4 ತೆಗೆಸಿದರು. ಅಲ್ಲಿ ಯೋಬ ಗೆಳೆಯರನ್ನು ಕೆಲಸಕ್ಕೆ ಬಾರದ ವೈದ್ಯರು ಅನ್ನುತ್ತಾನೆ. "ಔಷಧಿ ಕೆಟ್ಟಿದ್ದಲ್ಲ ಮಗ, ರೋಗಿಯನ್ನ ಮುಟ್ಟಿ ನೋಡದೆ ಕೊಟ್ಟಿದ್ದಾರೆ" ಅಂದರು. ಅಂದಿನಿಂದ ನಮ್ಮ ಪಟ್ಟಿಯ 'ಯಾರಿಗೆ' ಕಾಲಂ ಖಾಲಿ ಬಿಟ್ಟವರಿಲ್ಲ.

19ನೇ ಅಧ್ಯಾಯ ಮುಗಿಸಿದ ವಾರ, ನಮ್ಮ ಕೂಟದ ತಾಯಿಯೊಬ್ಬರ ಮಗ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ಬಂತು.

ಟೀಚರು ಆಲ್ದೂರಿನಿಂದ ಕೊನೆಯ ಬಸ್ಸಿಗೆ ಬಂದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಹುಡುಗನ ತಾಯಿಯ ಪಕ್ಕ ಕೂತವರು ಬೆಳಗಾಗುವವರೆಗೆ ಏಳಲಿಲ್ಲ. ಚೀಲದಲ್ಲಿ ಸತ್ಯವೇದವಿತ್ತು, ತೆಗೆಯಲಿಲ್ಲ. ಬಂದು ಹೋಗುವವರೆಲ್ಲ ಏನಾದರೊಂದು ಹೇಳಿ ಹೋದರು, ಪ್ರೀತಿಯಿಂದಲೇ ಹೇಳಿದರು. ಫೋನಿಗೆ ವಚನಗಳು ಬಂದವು, ಅದರಲ್ಲಿ 8:7 ಕೂಡ ಇತ್ತು. ಟೀಚರು ಆ ಫೋನನ್ನು ತಾಯಿಯ ಕೈಯಿಂದ ಮೆಲ್ಲಗೆ ತೆಗೆದು ತಮ್ಮ ಸೆರಗಿನಡಿ ಇಟ್ಟುಕೊಂಡರು. ಎಷ್ಟೋ ಹೊತ್ತಿನ ಮೇಲೆ ಆಕೆ ಕೇಳಿದ್ದು ಒಂದೇ: "ಟೀಚರೇ, ಯೋಬನಿಗೆ ಕೊನೆಗಾದ್ರೂ ಕಾರಣ ಗೊತ್ತಾಯ್ತಾ?"

"ಇಲ್ಲ ಮಗ. ಗೊತ್ತಾಗಲಿಲ್ಲ."

ಬೇರೆ ಯಾರಾದರೂ ಆ ಹೊತ್ತಿನಲ್ಲಿ ಒಂದು 'ಆದರೆ' ಸೇರಿಸುತ್ತಿದ್ದರು. ಅವರು ಸೇರಿಸಲಿಲ್ಲ. ಹುಡುಗ ಬೆಳಗಿನ ಜಾವ ಹೋದ. ಇದಕ್ಕಿಂತ ಹೆಚ್ಚು ಬರೆಯಲು ಕೈ ಏಳುವುದಿಲ್ಲ. ಏನು ಬರೆದರೂ ಸಾಲದು, ಸಿಟ್ಟೂ ಇದೆ, ಯಾರ ಮೇಲೆ ಅಂತ ಹೇಳಲು ಬರುವುದಿಲ್ಲ.

ಪುಸ್ತಕವನ್ನು ಅಲ್ಲಿಗೆ ನಿಲ್ಲಿಸಿ ಸಮಾಧಾನದ ಯಾವುದಾದರೂ ಕೀರ್ತನೆ ಓದೋಣ ಎಂಬ ಮಾತು ಬಂದಿತ್ತು. ಬೇಡ, ಮುಂದುವರಿಸಿ ಅಂದವರು ಹುಡುಗನ ತಾಯಿ. ಮತ್ತೆ ಸೇರಿದ ದಿನ ಸರದಿಯಲ್ಲಿದ್ದದ್ದು 20 ಮತ್ತು 21. ಚೋಫರನ ಭಾಗವನ್ನು ಟೀಚರೇ ಓದಿದರು, ಬೇರೆ ಯಾರ ಬಾಯಿಗೂ ಆ ಹೊರೆ ಹಾಕಲಿಲ್ಲ. 21:2ರಲ್ಲಿ ಯೋಬ ಗೆಳೆಯರನ್ನು ಕೇಳುವುದಿಷ್ಟೇ: ನನ್ನ ಮಾತನ್ನು ಗಮನವಿಟ್ಟು ಕೇಳಿ, ನೀವು ನನಗೆ ಕೊಡುವ ಸಮಾಧಾನ ಅದೇ ಆಗಲಿ. ಗೆಳೆಯರು ಹೀಗೇ ಇದ್ದ ಏಳು ದಿನ ಏಳು ರಾತ್ರಿ 2:13ರಲ್ಲಿದೆ, ನೆಲದ ಮೇಲೆ ಕೂತು, ಒಂದು ಮಾತೂ ಆಡದೆ. ಅವರ ಸೇವೆಯಲ್ಲಿ ಕಳಂಕವಿಲ್ಲದ ಭಾಗ ಅದೊಂದೇ.

ನಾಲ್ಕನೆಯ ಕಾಲಂ ಬೆಲೆ ತಿಳಿದದ್ದು 22ರಲ್ಲಿ. ಅಲ್ಲಿಯವರೆಗೆ ಎಲೀಫಜ ಪಾಪ ಎಂದಷ್ಟೇ ಹೇಳುತ್ತಿದ್ದ. 22:6–9ರಲ್ಲಿ ಪಟ್ಟಿಯನ್ನೇ ಕೊಡುತ್ತಾನೆ: ಕಾರಣವಿಲ್ಲದೆ ಒತ್ತೆ ಹಿಡಿದೆ, ಬಡವರ ಬಟ್ಟೆ ಕಿತ್ತುಕೊಂಡೆ, ದಣಿದವರಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದೆ. ಇದಕ್ಕೆ ಕಥೆಯಲ್ಲಿ ಒಂದು ಎಳೆ ಆಧಾರವೂ ಇಲ್ಲ. 1:1ರಲ್ಲೇ ಅವನು ನಿರ್ದೋಷಿ ಎಂದು ಹೇಳಿಯಾಗಿದೆ. ಸಿದ್ಧಾಂತ ಉಳಿಯಬೇಕಾದರೆ ಪಾಪ ಇರಲೇಬೇಕು, ಇಲ್ಲದಿದ್ದರೆ ಹುಟ್ಟಿಸಬೇಕು. 29:12–17 ಮತ್ತು 31:16–22 ಪಕ್ಕದಲ್ಲಿಟ್ಟು ಓದಿದರೆ ಯೋಬ ಒಂದೊಂದಕ್ಕೂ ಉತ್ತರ ಕೊಟ್ಟಿರುವುದು ಕಾಣುತ್ತದೆ: ವಿಧವೆ, ಅನಾಥ, ಹೊದಿಕೆಯಿಲ್ಲದ ಬಡವ.

ಮೂರನೆಯ ಸುತ್ತು ಓದುವವರು ಗಾಬರಿಯಾಗಬೇಡಿ, ಅಲ್ಲಿ ಲೆಕ್ಕ ತಪ್ಪುತ್ತದೆ. ಬಿಲ್ದದನಿಗೆ ಆರೇ ವಚನ. ಚೋಫರನಿಗೆ ಮಾತೇ ಇಲ್ಲ. 27:13ರಿಂದ ಯೋಬನ ಬಾಯಲ್ಲಿ ಗೆಳೆಯರದೇ ವಾದ ಕೇಳಿಸುತ್ತದೆ. ಹಸ್ತಪ್ರತಿಯ ಭಾಗಗಳು ಸ್ಥಳ ಬದಲಿಸಿವೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ವಾದ ಸೋತು ಗೆಳೆಯರ ಬಾಯಿ ಕಟ್ಟಿಹೋಯಿತು ಎಂದು ಓದುವವರೂ ಇದ್ದಾರೆ. ಎರಡನ್ನೂ ಅಂಚಿನಲ್ಲಿ ಬರೆದಿಟ್ಟು ಮುಂದೆ ಹೋದೆವು. ಮೂವರು ಗೆಳೆಯರಾದ ಮೇಲೆ ಬಂದು ಮಾತಾಡುವ ಯುವಕ ಎಲೀಹುವಿನ ಆರು ಅಧ್ಯಾಯಗಳನ್ನೂ ಬೇಗ ದಾಟಿದೆವು. 42:7 ಅವನ ಹೆಸರನ್ನೇ ಎತ್ತುವುದಿಲ್ಲ.

ಪದ್ಯದ ವಿಷಯದಲ್ಲಿ ಟೀಚರಿಂದ ಕಲಿತದ್ದು ಇನ್ನೊಂದಿದೆ. ಇಬ್ರಿಯ (ಹೀಬ್ರೂ) ಪದ್ಯದಲ್ಲಿ ಸಾಲುಗಳು ಜೋಡಿಯಾಗಿ ಬರುತ್ತವೆ, ಎರಡನೆಯದು ಮೊದಲನೆಯದನ್ನು ಇನ್ನಷ್ಟು ಬಿಗಿಮಾಡುತ್ತದೆ. ಅದಕ್ಕೇ ಮೊದಲ ಸಾಲಾದ ಮೇಲೆ ಒಂದು ಉಸಿರು ನಿಲ್ಲಿಸಿ ಓದಬೇಕು. 6:5 ಅಭ್ಯಾಸಕ್ಕೆ ಒಳ್ಳೆಯದು: ಹುಲ್ಲಿದ್ದಾಗ ಕಾಡುಕತ್ತೆ ಅರಚುತ್ತದೆಯೇ, ಮೇವಿದ್ದಾಗ ಎತ್ತು ಕೂಗುತ್ತದೆಯೇ. ದನ ಕಟ್ಟಿದ ಮನೆಯವರಿಗೆ ವಿವರಣೆಯೇ ಬೇಡ. 6:15–20ರಲ್ಲಿ ಗೆಳೆಯರು ಬೇಸಿಗೆಯಲ್ಲಿ ಬತ್ತುವ ಹಳ್ಳದಂತೆ, ನೀರು ನಂಬಿ ಬಂದ ತೇಮದ ವರ್ತಕರು ಮೋಸ ಹೋಗುತ್ತಾರೆ ಎಂಬ ಭಾಗವಿದೆ. ಮೂಡಿಗೆರೆ ಕಡೆಯ ಅಜ್ಜ ಒಬ್ಬರು ಅದನ್ನು ಎರಡು ಸಲ ಓದಿಸಿದರು.

38ರಿಂದ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ. ಯೋಬನನ್ನು ಪರೀಕ್ಷಿಸಲು ಸೈತಾನನು ಅಪ್ಪಣೆ ಪಡೆದ, ಅಧ್ಯಾಯ ಒಂದರ ಪರಲೋಕದ ಸಭೆಯ ಸುದ್ದಿ ಎತ್ತುವುದಿಲ್ಲ, ಸೈತಾನನ ಹೆಸರಿಲ್ಲ, ಕಾರಣ ಇಲ್ಲ. ಭೂಮಿಯ ಅಸ್ತಿವಾರ, ಸಮುದ್ರ, ಹಿಮ, ಬೆಟ್ಟದ ಮೇಕೆ ಮರಿಹಾಕುವ ಕಾಲ, ಕುದುರೆ, ಹದ್ದು. ಇದು ಉತ್ತರವೋ ಗದರಿಕೆಯೋ ಎಂದು ನಮ್ಮಲ್ಲಿ ಒಮ್ಮತವಾಗಲಿಲ್ಲ, ಟೀಚರು ಒಮ್ಮತಕ್ಕೆ ಒತ್ತಾಯಿಸಲೂ ಇಲ್ಲ. ಆದರೂ ಒಂದು ಮಾತು ಹೇಳಬೇಕು: 31:35ರಲ್ಲಿ ಸರ್ವಶಕ್ತನು ನನಗೆ ಉತ್ತರ ಕೊಡಲಿ ಎಂದು ಕೂಗಿದವನ ಬಳಿಗೆ ದೇವರು ತಾನೇ ಬಂದ. ಗೆಳೆಯರು ದೇವರ ಬಗ್ಗೆ ಮಾತಾಡಿದರು, ದೇವರ ಜೊತೆ ಜಗಳವಾಡಿದವನು ಯೋಬ ಒಬ್ಬನೇ.

ಕೊನೆಯ ಗುರುವಾರ 1:3 ಮತ್ತು 42:12ರ ಲೆಕ್ಕವನ್ನು ಹಲಗೆಯ ಮೇಲೆ ಬರೆದರು. ಕುರಿ 7,000 ಇದ್ದದ್ದು 14,000. ಒಂಟೆ 3,000 ಇದ್ದದ್ದು 6,000. ಎತ್ತು 500 ಜೋಡಿ ಇದ್ದದ್ದು 1,000 ಜೋಡಿ. ಕತ್ತೆ 500 ಇದ್ದದ್ದು 1,000. ಮಕ್ಕಳು ಏಳು ಗಂಡು, ಮೂರು ಹೆಣ್ಣು. ಮತ್ತೆ ಏಳು ಗಂಡು, ಮೂರು ಹೆಣ್ಣು. ಮಕ್ಕಳ ಸಾಲಿನಲ್ಲಿ ಎರಡರಷ್ಟು ಇಲ್ಲ. ಹೋದ ಹತ್ತು ಮಕ್ಕಳು ಲೆಕ್ಕದಿಂದ ಹೋಗಿಲ್ಲ, ಅದಕ್ಕೇ ದುಪ್ಪಟ್ಟು ಮಾಡಿಲ್ಲ ಎಂದು ಹಳೆಯ ವ್ಯಾಖ್ಯಾನವೊಂದಿದೆ. ಅದನ್ನು ಹೇಳಿದವರು ಟೀಚರಲ್ಲ, ಹುಡುಗನ ತಾಯಿ. ಮನೆಯಲ್ಲಿ ಓದಿಕೊಂಡು ಬಂದಿದ್ದರು. ಟೀಚರು ತಲೆದೂಗಿ ಚಾಕ್ ಕೆಳಗಿಟ್ಟರು.

ಟೀಚರೇ, ನಿಮಗೆ ಹೇಗೆ ವಂದನೆ ಹೇಳಬೇಕೋ ತಿಳಿಯದು. ಗ್ರಂಥದ ವಿಷಯದಲ್ಲಿ ನೀವು ಕಲಿಸಿದ್ದು ನಮ್ಮ ನೋಟ್‌ಬುಕ್ಕುಗಳಲ್ಲಿದೆ. ಆ ಬೆಂಚಿನ ವಿಷಯ ನಮ್ಮೊಳಗಿದೆ.

ಮುಂದಿನ ತಿಂಗಳ ಮೊದಲ ಗುರುವಾರದಿಂದ ಪ್ರಲಾಪಗಳ ಗ್ರಂಥ. ಐದು ಅಧ್ಯಾಯ, ವಾರಕ್ಕೊಂದು. ಮೊದಲ ನಾಲ್ಕು ಅಧ್ಯಾಯಗಳು ಇಬ್ರಿಯ ಅಕ್ಷರಮಾಲೆಯ 22 ಅಕ್ಷರಗಳ ಕ್ರಮದಲ್ಲಿ ನಡೆಯುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ. ಐದನೆಯದರಲ್ಲಿ 22 ವಚನಗಳಿದ್ದರೂ ಆ ಕ್ರಮ ಇಲ್ಲ. ಯಾಕೆ ಎಂದು ಯೋಚಿಸಿಕೊಂಡು ಬರಲು ಟೀಚರು ಹೇಳಿದ್ದಾರೆ. ಹೊಸದಾಗಿ ಸೇರುವವರು ಉದ್ದ ನೋಟ್‌ಬುಕ್, ಕೆಂಪು, ನೀಲಿ, ಹಸಿರು ಪೆನ್ಸಿಲ್ ತನ್ನಿ. ಆಲ್ದೂರಿನ ಕೊನೆಯ ಬಸ್ ತಪ್ಪಬಾರದು, ಆದ್ದರಿಂದ ಐದೂವರೆಗೆ ಸರಿಯಾಗಿ ಶುರು.