ರಾಡಿ ನೀರಿಗೆ ಪಟಿಕ: ಕಣ್ಣಳತೆ ಸಾಲದು

ಮಾನ್ಯ ಸಂಪಾದಕರಿಗೆ,

ಮಳೆಗಾಲದಲ್ಲಿ ನರಗುಂದ, ನವಲಗುಂದ ಸೀಮೆಯ ಕೆರೆಗಳ ನೀರು ರಾಡಿಯಾದಾಗ ಮನೆಗಳಲ್ಲಿಯೂ ಕೆಲವು ಸಣ್ಣ ಶುದ್ಧೀಕರಣ ಘಟಕಗಳಲ್ಲಿಯೂ ಪಟಿಕವನ್ನು ಕಣ್ಣಳತೆಯಲ್ಲಿ ಹಾಕುತ್ತಾರೆ. ನೀರು ತಿಳಿಯಾಗದಿದ್ದರೆ ಮತ್ತಷ್ಟು ಸುರಿಯುತ್ತಾರೆ. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ಈ ನಂಬಿಕೆ ಏಕೆ ಸರಿಯಲ್ಲವೆಂಬುದನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ.

ಎರೆ ಮಣ್ಣಿನ ಜೇಡಿ ಕಣಗಳು ಅತಿ ಸೂಕ್ಷ್ಮ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟಿರುವ ಕಣವು ನಿಂತ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು ಸುಮಾರು 12 ದಿನ ಬೇಕು. ಅದರ ಹತ್ತನೆಯ ಒಂದು ಪಾಲಿನ ಕಣಕ್ಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಇಂಥ ಕಣಗಳು ಕೂಡಿಕೊಂಡು ದಪ್ಪವಾದರೆ ಬೇಗ ತಳ ಸೇರುತ್ತವೆ, ಆದರೆ ಅವುಗಳ ಮೈಮೇಲಿನ ಋಣ ವಿದ್ಯುದಾವೇಶವು ಒಂದನ್ನೊಂದು ದೂರ ತಳ್ಳುತ್ತಿರುತ್ತದೆ. ತೀರ ಹತ್ತಿರ ಬಂದ ಕಣಗಳ ನಡುವೆ ಸೆಳೆತವೂ ಉಂಟು. ಈ ಸೆಳೆತ ಮತ್ತು ವಿಕರ್ಷಣೆಗಳನ್ನು ಒಟ್ಟಿಗೆ ತೂಗಿ ನೋಡುವ ಸಿದ್ಧಾಂತವನ್ನು 1941ರಲ್ಲಿ ವಿಜ್ಞಾನಿಗಳಾದ ಡೆರ್ಯಾಗಿನ್ ಮತ್ತು ಲ್ಯಾಂಡೌ, 1948ರಲ್ಲಿ ವೆರ್ವೇ ಮತ್ತು ಓವರ್‌ಬೀಕ್ ಮಂಡಿಸಿದರು. ಕಣಗಳ ಆವೇಶವನ್ನು ಅಡಗಿಸುವುದರಲ್ಲಿ ಒಂದು ಧನಾವೇಶದ ಸೋಡಿಯಂಗಿಂತ ಮೂರು ಧನಾವೇಶದ ಅಲ್ಯೂಮಿನಿಯಂ ನೂರಾರು ಪಟ್ಟು ಪ್ರಬಲ. ಪಟಿಕವು ಅಲ್ಯೂಮಿನಿಯಂನ ಲವಣ, ಅದು ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ.

ತೊಡಕಿರುವುದೂ ಇಲ್ಲಿಯೇ. ಅಗತ್ಯಕ್ಕಿಂತ ಹೆಚ್ಚು ಪಟಿಕ ಬಿದ್ದಾಗ ಅಲ್ಯೂಮಿನಿಯಂ ಸಂಯುಕ್ತಗಳು ಕಣಗಳ ಮೈಗೆ ಮೆತ್ತಿಕೊಂಡು, ಋಣಾವೇಶವಿದ್ದ ಕಣ ಧನಾವೇಶದ್ದಾಗಿ, ಮತ್ತೆ ಒಂದನ್ನೊಂದು ತಳ್ಳತೊಡಗಬಹುದು. ಆಗ ರಾಡಿ ಹಾಗೆಯೇ ಉಳಿಯುತ್ತದೆ. ಜೊತೆಗೆ ನೀರು ಹುಳಿಯ ಕಡೆಗೆ ವಾಲಿ, ಅಲ್ಯೂಮಿನಿಯಂ ತಳಕ್ಕಿಳಿಯದೆ ನೀರಿನಲ್ಲಿಯೇ ಕರಗಿ ಉಳಿಯುವ ಸಂಭವವಿದೆ. ಪಟಿಕದ ಜೊತೆ ಬಳಸುವ ಪಾಲಿಮರ್‌ಗಳ ಸ್ವಭಾವವೂ ಇಂಥದೇ: ಉದ್ದನೆಯ ಒಂದು ಅಣು ಎರಡು ಮೂರು ಕಣಗಳಿಗೆ ಏಕಕಾಲಕ್ಕೆ ಅಂಟಿದರೆ ಅವು ಕೂಡುತ್ತವೆ, ಆದರೆ ಪಾಲಿಮರ್ ಅತಿಯಾಗಿ ಪ್ರತಿ ಕಣದ ಮೈಯನ್ನೂ ಪೂರ್ತಿ ಮುಚ್ಚಿಬಿಟ್ಟರೆ ಮತ್ತೊಂದು ಕಣ ಅಂಟಲು ಜಾಗವೇ ಉಳಿಯುವುದಿಲ್ಲ.

ಆದ್ದರಿಂದ ಸರಿಯಾದ ಪ್ರಮಾಣವನ್ನು ಆಯಾ ದಿನದ ನೀರನ್ನು ಪರೀಕ್ಷಿಸಿಯೇ ಗೊತ್ತುಮಾಡಬೇಕು. ಇದು ದುಬಾರಿ ವಿದ್ಯೆಯಲ್ಲ. ಒಂದೇ ನೀರನ್ನು ಐದಾರು ಗಾಜಿನ ಪಾತ್ರೆಗಳಿಗೆ ತುಂಬಿ, ಬೇರೆ ಬೇರೆ ಪ್ರಮಾಣದ ಪಟಿಕ ಹಾಕಿ, ಒಂದು ನಿಮಿಷ ಜೋರಾಗಿಯೂ ಬಳಿಕ ಇಪ್ಪತ್ತು ನಿಮಿಷ ನಿಧಾನವಾಗಿಯೂ ಕಲಕಿ, ಅರ್ಧ ಗಂಟೆ ಬಿಟ್ಟರೆ ಯಾವ ಪಾತ್ರೆಯ ನೀರು ತಿಳಿಯಾಗಿದೆ ಎಂಬುದು ಕಾಣುತ್ತದೆ. ನಿಧಾನವಾಗಿ ಕಲಕುವುದನ್ನು ಬಿಡಬಾರದು, ಏಕೆಂದರೆ ಕಣಗಳು ಪರಸ್ಪರ ತಾಗಿ ಕೂಡುವುದು ಆಗಲೇ. ಜೋರಾದ ಕಲಕಾಟ ಕೂಡಿದ್ದನ್ನು ಒಡೆಯುತ್ತದೆ. ತಿಳಿಯಾದ ನೀರಿನಲ್ಲಿಯೂ ರೋಗಾಣುಗಳಿರಬಹುದಾದ್ದರಿಂದ ಮನೆಯಲ್ಲಿ ಕುದಿಸಿ ಕುಡಿಯುವುದು ಅವಶ್ಯ.

ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ರಾಡಿಯ ಪ್ರಮಾಣ 1 ಎನ್‌ಟಿಯು (ರಾಡಿಯನ್ನು ಅಳೆಯುವ ಏಕಮಾನ) ಮೀರಬಾರದು, ಬೇರೆ ನೀರಿನ ಮೂಲವಿಲ್ಲದಿದ್ದರೆ ಗರಿಷ್ಠ 5. ಅಲ್ಯೂಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ, ಗರಿಷ್ಠ 0.2. ಪ್ರತಿ ಘಟಕದ ಮುಂದೆ ಅಂದಿನ ರಾಡಿಯ ಪ್ರಮಾಣ, ಹಾಕಿದ ಪಟಿಕ, ಉಳಿದ ಅಲ್ಯೂಮಿನಿಯಂ, ಈ ಮೂರನ್ನೂ ಫಲಕದಲ್ಲಿ ಬರೆದು ಹಾಕುವಂತೆ ಗದಗ ಮತ್ತು ಧಾರವಾಡ ಜಿಲ್ಲಾಡಳಿತಗಳು ಈ ಮಳೆಗಾಲದಿಂದಲೇ ಆದೇಶಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ನರಗುಂದ, ಗದಗ ಜಿಲ್ಲೆ